ಸರಿಯಾಗಿ ಓಡುತ್ತಿರುವ ಹಳೆಯ ಉಬುಂಟುವನ್ನು ಬದಲಿಸಬೇಕಾ?

ಪ್ರಶ್ನೆ: ನಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರ್‌ನಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 18.04 ಇದೆ. ಹಾಕಿಸಿದಾಗಿಂದ ಒಂದು ಸಲವೂ ಕೈಕೊಟ್ಟಿಲ್ಲ. ಲಿನಕ್ಸ್‌ಗೆ ವೈರಸ್ ಕಾಟ ಇಲ್ಲ ಅಂತಲೇ ಹಾಕಿಸಿದ್ದು. ಈಗ ಮಗಳು ‘ಇದು ಹಳತಾಯಿತು, ಅಪಾಯ’ ಅನ್ನುತ್ತಿದ್ದಾಳೆ. ಚೆನ್ನಾಗಿ ಓಡುವುದನ್ನು ಸುಮ್ನೆ ಯಾಕೆ ಮುಟ್ಟಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಮಗಳ ಮಾತು ಕೇಳಿ. ಕೈಕೊಟ್ಟಿಲ್ಲ ಅನ್ನುವುದು ಬೇರೆ, ಭದ್ರವಾಗಿದೆ ಅನ್ನುವುದು ಬೇರೆ. 18.04 ಬಂದಿದ್ದು 2018ರ ಏಪ್ರಿಲ್‌ನಲ್ಲಿ. ಅದಕ್ಕೆ ಎಲ್ಲರಿಗೂ ಸಿಗುತ್ತಿದ್ದ ಅಪ್‌ಡೇಟ್ 2023ರ ಮೇ 31ಕ್ಕೆ ನಿಂತಿತು. ನೀವು ಬೇರೆ ವ್ಯವಸ್ಥೆ ಮಾಡಿಕೊಂಡಿಲ್ಲದಿದ್ದರೆ, ಆಮೇಲೆ ಪತ್ತೆಯಾದ ಭದ್ರತೆಯ ತೂತುಗಳು ನಿಮ್ಮ ಕಂಪ್ಯೂಟರ್‌ನಲ್ಲಿ ಹಾಗೇ ಇವೆ.

ನಿಮ್ಮದು ಡಿಟಿಪಿ ಅಂಗಡಿ, ಅಂದರೆ ದಿನವೆಲ್ಲ ಪ್ರಿಂಟ್. ಲಿನಕ್ಸ್‌ನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವುದು ಕಪ್ಸ್ ಅನ್ನುವ ಪ್ರೋಗ್ರಾಂ. ಅದರ ಜೊತೆ, ನೆಟ್‌ವರ್ಕ್‌ನಲ್ಲಿ ಪ್ರಿಂಟರ್ ಎಲ್ಲಿದೆ ಅಂತ ಹುಡುಕುವ ಇನ್ನೊಂದು ಪ್ರೋಗ್ರಾಂ 631ನೇ ಪೋರ್ಟ್‌ನಲ್ಲಿ, ಅಂದರೆ ನೆಟ್‌ವರ್ಕ್‌ನಿಂದ ಒಳಬರುವ ಒಂದು ಬಾಗಿಲಲ್ಲಿ, ಕಿವಿಗೊಟ್ಟು ಕೂತಿರುತ್ತದೆ. ಯಾರು ಬಂದು ‘ನಾನೊಂದು ಪ್ರಿಂಟರ್’ ಅಂದರೂ ಅದು ನಂಬಿಬಿಡುತ್ತದೆ ಅನ್ನುವುದು 2024ರ ಸೆಪ್ಟೆಂಬರ್‌ನಲ್ಲಿ ಬಯಲಾಯಿತು. ಅಂಗಡಿಯ ವೈಫೈ ಸೇರಿಕೊಂಡ ಕಳ್ಳ ಹೀಗೆ ಒಂದು ಸುಳ್ಳು ಪ್ರಿಂಟರ್ ಸೇರಿಸಬಹುದು, ಅದಕ್ಕೆ ನೀವು ಪ್ರಿಂಟ್ ಕೊಟ್ಟ ತಕ್ಷಣ ಅವನ ಆಜ್ಞೆ ನಿಮ್ಮ ಕಂಪ್ಯೂಟರ್‌ನಲ್ಲಿ ನಡೆದುಬಿಡುತ್ತದೆ. ಗಿರಾಕಿಗಳಿಗೆ ವೈಫೈ ಪಾಸ್‌ವರ್ಡ್ ಕೊಡುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

ಇನ್ನೊಂದು ವಿಷಯ ಜಾಸ್ತಿ ಜನರ ಗಮನಕ್ಕೆ ಬರುವುದಿಲ್ಲ. ಲಿನಕ್ಸ್‌ನ ಕೋಡ್ ಎಲ್ಲರಿಗೂ ತೆರೆದಿರುವುದರಿಂದ, ತೂತು ಮುಚ್ಚಿದಾಗ ಅದರ ಯಾವ ಸಾಲು ಬದಲಾಯಿತು ಅನ್ನುವುದು ಎಲ್ಲರಿಗೂ ಕಾಣುತ್ತದೆ. ಕಳ್ಳ ಅದನ್ನು ಓದಿಕೊಂಡು, ಇನ್ನೂ ಯಾರು ಮುಚ್ಚಿಕೊಂಡಿಲ್ಲ ಅಂತ ಹುಡುಕುತ್ತಾ ಬರುತ್ತಾನೆ. ಹೊಸಬರಿಗೆ ಬಂದ ರಿಪೇರಿಯೇ ಹಳಬರ ಮನೆಗೆ ದಾರಿ ತೋರಿಸಿದ ಹಾಗಾಗುತ್ತದೆ.

ಈಗೇನು ಮಾಡಬೇಕು? ಇವತ್ತೇ ಆಗುವ ಕೆಲಸ ಉಬುಂಟು ಪ್ರೊ, ಅಂದರೆ ಹಳೆಯ ಉಬುಂಟುಗೂ ಅಪ್‌ಡೇಟ್ ಕೊಡುವ ಸೇವೆ. ಹೆಸರು ಕೇಳಿ ದುಡ್ಡು ಕೇಳುತ್ತಾರೇನೋ ಅಂದುಕೊಳ್ಳಬೇಡಿ, ಐದು ಕಂಪ್ಯೂಟರ್‌ವರೆಗೆ ಉಚಿತ. ಖಾತೆ ತೆರೆದು, ಅಲ್ಲಿ ಸಿಗುವ ಟೋಕನ್ ಅನ್ನುವ ಸಂಕೇತವನ್ನು ಕಂಪ್ಯೂಟರ್‌ಗೆ ಹಾಕಿದರೆ 18.04ಕ್ಕೆ 2028ರವರೆಗೆ ಭದ್ರತೆಯ ಅಪ್‌ಡೇಟ್ ಬರುತ್ತದೆ. ಆದರೆ ಅದನ್ನೇ ನೆಚ್ಚಿಕೊಂಡು ಕೂರಬೇಡಿ. ಒಂದು ಭಾನುವಾರ ಬಿಡುವು ಮಾಡಿಕೊಂಡು, ಎಲ್ಲಾ ಫೈಲ್‌ಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ತುಂಬಿಸಿ, ಉಬುಂಟು 24.04 ಅನ್ನು ಹೊಸದಾಗಿ ಹಾಕಿ. ಹಳೆಯದರ ಮೇಲೆಯೇ ಏರಿಸುತ್ತೇನೆ ಅಂದರೆ 20.04, 22.04 ಅಂತ ಒಂದೊಂದೇ ಮೆಟ್ಟಿಲು ಹತ್ತಬೇಕು, ನನ್ನ ಕೇಳಿದರೆ ಆ ಗೋಜು ಬೇಡ. ಹಾಕುವ ಮೊದಲು ಪೆನ್‌ಡ್ರೈವ್‌ನಿಂದ ಓಡಿಸಿ, ನಿಮ್ಮ ಪ್ರಿಂಟರ್ ಮತ್ತು ಸ್ಕ್ಯಾನರ್ ಕೆಲಸ ಮಾಡುತ್ತವಾ ನೋಡಿ. ಕನ್ನಡ ಟೈಪಿಂಗ್ ಚಿಂತೆ ಬೇಡ, ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಸಿಗುತ್ತದೆ. ರ್‍ಯಾಮ್ 4 ಜಿಬಿಗಿಂತ ಕಡಿಮೆ ಇದ್ದರೆ ಉಬುಂಟುವಿನದೇ ಇನ್ನೊಂದು ರೂಪವಾದ ಲುಬುಂಟು ಹಾಕಿ, ಹಗುರ.

ಪ್ರಶ್ನೆ: ಓಪನ್ ಸೋರ್ಸ್ ಅಂದಮೇಲೆ ಕೋಡ್ ಎಲ್ಲರಿಗೂ ಕಾಣುತ್ತದೆ. ಕಳ್ಳರಿಗೇ ಅನುಕೂಲ ಅಲ್ವಾ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಕಾಣುವುದೇ ಬೇರೆ, ಕೂತು ನೋಡುವುದೇ ಬೇರೆ. ಇಡೀ ಕಂಪ್ಯೂಟರ್ ಮೇಲೆ ಅಧಿಕಾರ ಕೊಡುವ ‘ಸುಡೊ’ ಅನ್ನುವ ಪ್ರೋಗ್ರಾಂ ಹೆಚ್ಚುಕಡಿಮೆ ಎಲ್ಲಾ ಲಿನಕ್ಸ್‌ನಲ್ಲೂ ಇದೆ. ಅದರಲ್ಲಿ 2011ರಲ್ಲಿ ನುಸುಳಿದ ಒಂದು ತಪ್ಪು ಹೊರಬಂದಿದ್ದು 2021ರ ಜನವರಿಯಲ್ಲಿ! ಕೋಡ್ ಅಷ್ಟೂ ವರ್ಷ ಎಲ್ಲರ ಕಣ್ಣೆದುರೇ ಇತ್ತು. ಹಾಗಂತ ಮುಚ್ಚಿಟ್ಟರೆ ಒಳ್ಳೆಯದು ಅಂತ ನಾನು ಒಪ್ಪುವುದಿಲ್ಲ. 2024ರಲ್ಲಿ ಎಕ್ಸ್‌ಜೆಡ್ ಅನ್ನುವ ಪುಟ್ಟ ಲೈಬ್ರರಿಯೊಳಗೆ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್) ಯಾರೋ ಬೇಕಂತಲೇ ಕಳ್ಳಬಾಗಿಲು ಇಟ್ಟಿದ್ದರು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್‌ಗೆ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಅನ್ನಿಸಿತು. ಅವರು ಅಷ್ಟಕ್ಕೇ ಬಿಡದೆ ಕೆದಕುತ್ತಾ ಹೋಗಿ ಅದನ್ನು ಹಿಡಿದರು. ಒಳಗಿನದೆಲ್ಲ ತೆರೆದು ನೋಡಲು ಆಗುತ್ತಿದ್ದುದರಿಂದಲೇ ಅವರಿಗೆ ಅದು ಸಾಧ್ಯವಾಯಿತು.