ಅಪ್ಪನ ಕಾಲಿನ ಹುಣ್ಣಿನಿಂದ ರಸಿಗೆ ನಿಲ್ಲುತ್ತಿಲ್ಲ. ಸಿಲಿಕೋನ್ ಫೋಮ್ ಡ್ರೆಸಿಂಗ್‌ಗೆ ಅಷ್ಟು ದುಡ್ಡು ಕೊಡಬಹುದಾ?

ಅಪ್ಪನಿಗೆ ಶುಗರ್ ಇದೆ, ಪಾದದ ಹುಣ್ಣಿಗೆ ಬೆಳಗ್ಗೆ ಗಾಜ್ (ಗಾಯಕ್ಕೆ ಕಟ್ಟುವ ತೆಳು ಹತ್ತಿ ಬಟ್ಟೆ) ಕಟ್ಟಿದರೆ ಸಂಜೆಯೊಳಗೆ ತೊಯ್ದು ಹೋಗುತ್ತೆ ಅಂತ ಬರೆದಿದ್ದೀರಿ. ನಾನು ಕಲಬುರಗಿಯಲ್ಲಿ ಸ್ಟಾಫ್ ನರ್ಸ್, ಡ್ರೆಸಿಂಗ್ ರೂಮಿನಲ್ಲೇ ಕೆಲಸ. ರಸಿಗೆ ಜಾಸ್ತಿ ಇರುವ ಗಾಯಕ್ಕೆ ಫೋಮ್ ಒಳ್ಳೆಯದೇ. ಆದರೆ ಹಾಕಿದ ಮೇಲೆ ಸುಮ್ನೆ ಬಿಡುವ ತಾಳ್ಮೆ ಇದ್ದರೆ ಮಾತ್ರ ಆ ದುಡ್ಡು ದಕ್ಕುತ್ತೆ.

ಗಾಜ್ ಒಣಗಿ ಗಾಯಕ್ಕೆ ಕಚ್ಚಿಕೊಳ್ಳುತ್ತೆ. ಎಳೆದಾಗ ಹೊಸದಾಗಿ ಬಂದ ಕೆಂಪು ಮಾಂಸವೂ ಜೊತೆಗೇ ಬರುತ್ತೆ. ಫೋಮ್‌ನಲ್ಲಿ ಒಳಬದಿಗೆ ಮೆತ್ತನೆಯ ಸಿಲಿಕೋನ್ ಇರುತ್ತೆ. ಅದು ಒಣ ಚರ್ಮವನ್ನು ಹಿಡಿಯುತ್ತೆ, ಹಸಿ ಗಾಯಕ್ಕೆ ಅಂಟುವುದಿಲ್ಲ. ನಡುವಿನ ಪಾಲಿಯುರೆಥೇನ್ ಸ್ಪಂಜು ರಸಿಗೆ ಹೀರುತ್ತೆ. ಮೇಲಿನ ತೆಳು ಹಾಳೆ ಆವಿಯನ್ನು ಹೊರಗೆ ಬಿಡುತ್ತೆ. 'ಗಾಯಕ್ಕೆ ಗಾಳಿ ಆಡಲಿ' ಅನ್ನೋದು ನಮ್ಮ ಕಡೆ ಪ್ರತಿ ಮನೆಯ ಮಾತು. ಆದರೆ 1962ರಲ್ಲೇ ಜಾರ್ಜ್ ವಿಂಟರ್ ಅನ್ನೋ ಸಂಶೋಧಕರು ಹಂದಿಗಳ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವ ಉಳಿಸಿದ ಗಾಯಕ್ಕೆ ಬೇಗ ಚರ್ಮ ಬರುತ್ತೆ ಅಂತ ತೋರಿಸಿದ್ದರು.

ಜೇವರ್ಗಿ ಕಡೆಯ ಒಬ್ಬ ಮುತ್ಯಾ ಬಂದಾಗಲೆಲ್ಲ "ಒಳಗ ಏನ್ ನಡದದೋ ಏನೋ, ಒಮ್ಮೆ ಬಿಚ್ಚಿ ನೋಡ್ರಿ ಸಿಸ್ಟರ್" ಅಂತಿದ್ದರು. ಅವರಿಗೆ ಡ್ರೆಸಿಂಗ್ ಮೇಲೆ ಕಂಡ ಕಲೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು ಕೊಟ್ಟೆ. ಕಲೆ ಗೆರೆ ದಾಟಿ ಫೋಮ್‌ನ ಅಂಚಿನ ಹತ್ತಿರ ಬಂದರೆ ಬದಲಿಸಬೇಕು. ಇಲ್ಲದಿದ್ದರೆ ಕೆಲವು ದಿನ ಇರಲಿ. ಹೆಚ್ಚೆಂದರೆ 7 ದಿನ. ಅಪ್ಪನಿಗೆ ಎಷ್ಟು ದಿನಕ್ಕೊಮ್ಮೆ ಅನ್ನೋದನ್ನು ಮಾತ್ರ ಡಾಕ್ಟರೇ ಹೇಳಲಿ. ಸುತ್ತಲಿನ ಚರ್ಮ ಬೆಳ್ಳಗೆ ಸುಕ್ಕಾಗಿದ್ದರೆ ಬದಲಿಸುವುದು ತಡವಾಗಿರಬಹುದು.

ಹಾಕುವ ಮುಂಚೆ ಸುತ್ತಲಿನ ಚರ್ಮ ಪೂರ್ತಿ ಒಣಗಿರಬೇಕು. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಏನೂ ಬೇಡ, ಹಿಡಿಯುವುದೇ ಇಲ್ಲ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಬೆವರಿಗೇ ಅಂಚು ಏಳುತ್ತೆ, ಇನ್ನು ಎಣ್ಣೆ ಬೇರೆ! ಫೋಮ್ ಗಾಯಕ್ಕಿಂತ ಸುತ್ತಲೂ ಸುಮಾರು 2 ಸೆಂಟಿಮೀಟರ್ ದೊಡ್ಡದಿರಲಿ. ಎಳೆದು ಅಂಟಿಸಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ತೊಳೆಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಫೋಮ್‌ಗಿಂತ ನನಗೆ ಚಿಂತೆ ಬೇರೆಯದು. ಇಷ್ಟು ರಸಿಗೆ ಯಾಕೆ ಬರ್ತಿದೆ? ಸೋಂಕು ಇದ್ದರೂ ಹೀಗಾಗುತ್ತೆ. ವಾಸನೆ, ಕೀವು, ಸುತ್ತ ಕೆಂಪು, ಜ್ವರ, ಕಪ್ಪಾದ ಜಾಗ, ಇದರಲ್ಲಿ ಒಂದು ಕಂಡರೂ ಮೆಡಿಕಲ್ ಶಾಪ್‌ಗೆ ಹೋಗುವ ಮುಂಚೆ ಸರ್ಜನ್ ಹತ್ತಿರ ಹೋಗಿ. ಶುಗರ್ ಇರುವವರಿಗೆ ನೋವು ಗೊತ್ತಾಗದೇ ಇರಬಹುದು, ಅದಕ್ಕೆ 'ನೋವಿಲ್ಲ' ಅಂದರೆ ನಂಬಬೇಡಿ. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತಲೂ ನೋಡಿಸಿ. ಅಂಗಾಲಲ್ಲಿ ಹುಣ್ಣಿದ್ದು ಅಪ್ಪ ಅದರ ಮೇಲೇ ಓಡಾಡುತ್ತಿದ್ದರೆ ಎಂಥ ಡ್ರೆಸಿಂಗ್ ಹಾಕಿದರೂ ಮಾಯುವುದಿಲ್ಲ. ಭಾರ ತಪ್ಪಿಸುವ ಚಪ್ಪಲಿಯೋ ಪ್ಲಾಸ್ಟರೋ ಯಾವುದು ಸರಿ ಅಂತ ಕೇಳಿ. ಹುಣ್ಣು ಗುಂಡಿ ಬಿದ್ದಿದ್ದರೆ ಮೇಲೆ ಫೋಮ್ ಮುಚ್ಚಿದರೆ ಸಾಲದು, ಒಳಗೆ ತುಂಬಲು ಆಲ್ಜಿನೇಟ್‌ನಂಥದ್ದು (ಕಡಲಕಳೆಯಿಂದ ಮಾಡಿದ, ರಸಿಗೆ ಹೀರುವ ಡ್ರೆಸಿಂಗ್) ಬೇಕಾಗಬಹುದು.

ಬೆಲೆ ಲೆಕ್ಕ ಹಾಕುವಾಗ ಒಂದು ತುಂಡಿನದು ನೋಡಬೇಡಿ. ವಾರಕ್ಕೆ ಗಾಜ್, ಟೇಪ್, ಆಟೋ ಬಾಡಿಗೆ ಎಲ್ಲ ಸೇರಿಸಿ ನೋಡಿ. ಮೊದಲೇ ಡಬ್ಬಿಗಟ್ಟಲೆ ತರಬೇಡಿ. ಬಿಡಿಯಾಗಿ ಕೊಡ್ತಾರಾ ಕೇಳಿ, ಗಾಯ ಸಣ್ಣದಾದ ಹಾಗೆ ಸೈಜೂ ಬದಲಾಗುತ್ತೆ ಅಲ್ವಾ.