ಕುಂಬಳದ ಬಳ್ಳಿಗೆ ಮಣ್ಣು ಮುಚ್ಚಿ, ಆದರೆ ಕಾಯಿಯ ಪಕ್ಕ ಮಾತ್ರ ಬೇಡ

ಅರ್ಧ ಅಡಿ ಕಾಲುವೆ ತೋಡಿ ಇಡೀ ಬಳ್ಳಿಯನ್ನು ಹೂತರೆ ಕಾಯಿ ಜಾಸ್ತಿ ಬಿಡುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ತೋಡಬೇಡಿ. ನಾನು ಮೊದಲ ಸಲ ಸಿಹಿಗುಂಬಳ ಹಾಕಿದಾಗ ಹೀಗೇ ಅವಸರ ಮಾಡಿ ಒಳ್ಳೆಯ ಕಾಯಿ ಕಳೆದುಕೊಂಡೆ.

ಗೆಣ್ಣಿಗೆ, ಅಂದರೆ ಬಳ್ಳಿಯಲ್ಲಿ ಎಲೆ ಹೊರಡುವ ಗಂಟಿಗೆ, ಹಸಿ ಮಣ್ಣು ತಾಗಿದರೆ ಅಲ್ಲಿಂದ ಬೇರು ಬರುತ್ತದೆ ಅಂತ ಗೊತ್ತಾಗಿತ್ತು. ಎರಡು ಗೆಣ್ಣಿಗೆ ಮಣ್ಣು ಹಾಕಿ ನೀರು ಕೊಟ್ಟೆ. ಕೆಲವು ದಿನ ಬಿಟ್ಟು ಮೆಲ್ಲಗೆ ಎತ್ತಿ ನೋಡಿದರೆ ಅಲ್ಲಾಡಲಿಲ್ಲ, ಬೇರು ಹಿಡಿದಿತ್ತು. ಆ ಖುಷಿಗೆ ಬುಡದಿಂದ ಕುಡಿಯವರೆಗೆ ಒಂದು ಗೆಣ್ಣೂ ಬಿಡದೆ ಮುಚ್ಚಿದೆ. ಕಾಯಿ ಕೂತಿದ್ದ ಗೆಣ್ಣನ್ನೂ, ಅದರ ಆಚೆ ಈಚೆ ಇದ್ದವನ್ನೂ.

ಆಗ ಅದು ಮುಷ್ಟಿಯಷ್ಟಿದ್ದ ಹೀಚು. ತೆಂಗಿನಕಾಯಿಯಷ್ಟಾಯಿತು, ಬಿಂದಿಗೆಯಷ್ಟಾಯಿತು. ಒಂದು ಬೆಳಿಗ್ಗೆ ನೋಡಿದರೆ ತೊಟ್ಟು ಬಳ್ಳಿ ಸೇರುವಲ್ಲಿ ಸೀಳಿ ಅಂಟು ಒಸರುತ್ತಿತ್ತು. ಹುಳ ಅಂದುಕೊಂಡು ಹುಡುಕಿದೆ, ಸಿಗಲಿಲ್ಲ. ನೀರು ಜಾಸ್ತಿಯಾಯಿತೇನೋ ಅಂತ ನೀರು ನಿಲ್ಲಿಸಿದೆ. ನಾಲ್ಕು ದಿನಕ್ಕೆ ಕಾಯಿ ತೊಟ್ಟಿನ ಕಡೆಯಿಂದ ಮೆತ್ತಗಾಯಿತು.

ಬಳ್ಳಿ ಕೆದಕಿದಾಗಲೇ ಅರ್ಥವಾಗಿದ್ದು. ಕುಂಬಳದ ತೊಟ್ಟು ಗಿಡ್ಡ. ಕಾಯಿ ಊದುತ್ತಾ ಹೋದ ಹಾಗೆ ಅದರ ಹೆಗಲು ಬಳ್ಳಿಗೆ ಒತ್ತುತ್ತದೆ, ತೊಟ್ಟಿನ ಬುಡವೂ ನೆಲದಿಂದ ಮೇಲೇಳುತ್ತದೆ. ಬಳ್ಳಿ ಸಡಿಲವಾಗಿದ್ದರೆ ಜೊತೆಗೇ ಏಳುತ್ತದೆ, ಪಕ್ಕಕ್ಕೂ ಸರಿಯುತ್ತದೆ. ನಾನು ಎರಡೂ ಕಡೆ ಬೇರು ಬರಿಸಿ ಅದನ್ನು ನೆಲಕ್ಕೆ ಕಟ್ಟಿಹಾಕಿದ್ದೆ. ಕಾಯಿ ಮೇಲಕ್ಕೆ, ಬೇರು ಕೆಳಕ್ಕೆ. ನಡುವೆ ಸಿಕ್ಕಿದ ತೊಟ್ಟು ಸೀಳದೆ ಏನು ಮಾಡೀತು? ಹುಳ ಅಲ್ಲ, ನೀರಲ್ಲ, ಒಂದು ಬೊಗಸೆ ಮಣ್ಣು. ಅದೂ ನಾನೇ ಹಾಕಿದ್ದು.

ಇನ್ನು, ಬಳ್ಳಿ ಮುಚ್ಚಿದ ಮಾತ್ರಕ್ಕೆ ಕಾಯಿ ಜಾಸ್ತಿ ಬಿಡುವುದಿಲ್ಲ. ಕಾಯಿ ಕಚ್ಚಬೇಕಾದರೆ ಹೆಣ್ಣು ಹೂವಿಗೆ ಜೇನುನೊಣ ಬರಬೇಕು, ಇಲ್ಲವೇ ನೀವೇ ಗಂಡು ಹೂವಿನ ಪರಾಗ ಮುಟ್ಟಿಸಬೇಕು. ಗೆಣ್ಣಿನ ಬೇರು ಕೊಡುವುದು ನೀರು, ಗೊಬ್ಬರದ ಸಾರ, ಗಾಳಿಗೆ ಬಳ್ಳಿ ಹೊರಳದಂತೆ ಹಿಡಿತ. ಬುಡಕ್ಕೆ ಹುಳ ಬಿದ್ದರೂ ಬಳ್ಳಿಯ ಮುಂದಿನ ಭಾಗ ಈ ಬೇರುಗಳಿಂದ ಬದುಕಬಹುದು. ಇದಕ್ಕಾಗಿಯೇ ನಾನು ಈಗಲೂ ಮುಚ್ಚುತ್ತೇನೆ.

ಕಾಲುವೆ ತೋಡಿದರೆ ಮೇಲ್ಮಣ್ಣಿನಲ್ಲೇ ಹರಡಿರುವ ಬೇರುಗಳು ಕತ್ತರಿಸಿ ಹೋಗುತ್ತವೆ. ಬಳ್ಳಿ ಇದ್ದಲ್ಲೇ ಇರಲಿ, ಗೆಣ್ಣಿನ ಮೇಲೆ ಒಂದೆರಡು ಅಂಗುಲ ಸಡಿಲ ಮಣ್ಣೋ ಹಳೆಯ ಗೊಬ್ಬರವೋ ಹಾಕಿ. ಎಲೆ ಮತ್ತು ಕುಡಿ ಹೊರಗಿರಲಿ. ಮಣ್ಣು ತೇವವಾಗಿದ್ದರೆ ಸಾಕು, ಕೆಸರಾದರೆ ಬಳ್ಳಿ ಕೊಳೆಯುತ್ತದೆ. ಬಳ್ಳಿ ಸರಿಸಬೇಕಿದ್ದರೆ ಮಧ್ಯಾಹ್ನ ಬಿಸಿಲಿಗೆ ಬಾಡಿದಾಗ ಸರಿಸಿ, ಬೆಳಿಗ್ಗೆ ನೀರು ತುಂಬಿಕೊಂಡು ಸೆಟೆದಿರುತ್ತದೆ, ಸುಮ್ನೆ ಬಗ್ಗಿಸಿದರೂ ಪಟ್ ಅಂತ ಮುರಿಯುತ್ತದೆ. ಪೊದೆಯಾಗಿ ಬೆಳೆಯುವ ಜಾತಿಯಾದರೆ ಈ ಕೆಲಸವೇ ಬೇಡ.

ಕಾಯಿಯ ಎರಡೂ ಪಕ್ಕ ಎರಡೆರಡು ಗೆಣ್ಣು ಮುಚ್ಚದೆ ಬಿಡಿ. ನಿಮ್ಮ ಬಳ್ಳಿ ಈಗಾಗಲೇ ಅಲ್ಲಿ ಬೇರು ಬಿಟ್ಟಿದ್ದರೆ ಎಳೆಯಬೇಡಿ. ಬಳ್ಳಿಯ ಕೆಳಗೆ ಚಾಕು ಹಾಕಿ ಆ ಬೇರುಗಳನ್ನಷ್ಟೇ ಕೊಯ್ದು, ಬಳ್ಳಿ ಕಾಯಿಯ ಜೊತೆ ತಾನಾಗಿ ಏಳುವಂತೆ ಸಡಿಲ ಮಾಡಿ. ಇವತ್ತೇ ಹೋಗಿ ನೋಡಿ, ಕಾಯಿ ದಪ್ಪವಾಗುವ ದಿನಗಳಲ್ಲಿ ತೊಟ್ಟಿನ ಮೇಲೆ ಎಳೆತ ಬೇಗ ಹೆಚ್ಚುತ್ತದೆ.