ಜನ ಇನ್ನೂ ಯಾಕೆ 'ಸ್ಮೋಕ್ ಆನ್ ದಿ ವಾಟರ್' ಹಾಡನ್ನೇ ಕೇಳುತ್ತಾರೆ? ಅವರಿಗೆ ಹೊಸದು ಬೇಡ, ಸೋಮಾರಿಗಳು ಅನ್ನಿಸುತ್ತದೆ. ನಮ್ಮ ಬ್ಯಾಂಡ್ ಅದನ್ನು ಬಿಟ್ಟು ಸ್ವಂತ ಹಾಡು ಮಾತ್ರ ನುಡಿಸಬಹುದಾ?

ನಾನೂ ಇದನ್ನೇ ಕೇಳುತ್ತಿದ್ದೆ. ನಿಮ್ಮಷ್ಟು ಮರ್ಯಾದೆಯಿಂದ ಅಲ್ಲ, ಅಷ್ಟೇ.

1999ರ ಸುಮಾರಿನ ಬೆಂಗಳೂರು. ಐದು ಜನರ ಕಾಲೇಜು ಬ್ಯಾಂಡು, ನಾನು ಗಿಟಾರ್. ಎಲ್ಲಿ ಸ್ಟೇಜ್ ಹತ್ತಿದರೂ ಹಿಂದಿನಿಂದ ಯಾರೋ ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ಆ ಹಾಡಿನ ಹೆಸರು ಕೂಗುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಿಟಾರ್ ಹಿಡಿದ ಮೊದಲ ವಾರ ಕಲಿಯುವ ಹಾಡು, ಅದಕ್ಕೆ ಚಪ್ಪಾಳೆ ತಗೊಳ್ಳೋದೇ ಅವಮಾನ ಅನ್ನಿಸುತ್ತಿತ್ತು.

ಒಂದು ಕಾಲೇಜು ಫೆಸ್ಟ್‌ನಲ್ಲಿ ಫೈನಲ್‌ಗೆ ಬಂದೆವು. ಗೆದ್ದರೆ ಬರುವ ದುಡ್ಡಲ್ಲಿ ನಮ್ಮ ಎರಡು ಸ್ವಂತ ಹಾಡನ್ನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡೋಣ ಅಂತ ಲೆಕ್ಕ. ಹಾಡನ್ನು ಬಿಡುವ ಧೈರ್ಯ ಇರಲಿಲ್ಲ, ಹಾಗಾಗಿ ಅದನ್ನು 'ಸುಧಾರಿಸಿದೆ'. ಏಳು ಎಣಿಕೆಯ ತಾಳಕ್ಕೆ ಕೂರಿಸಿದೆ. ವೇಗ ಜಾಸ್ತಿ ಮಾಡಿದೆ. ಐದೂ ಜನ ಒಟ್ಟಿಗೆ ಶುರು ಮಾಡುವುದು, ಎಲ್ಲರಿಗೂ ಗೊತ್ತಿರುವ ಆ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಕೊನೆಯಲ್ಲಿ ಒಂದೇ ಒಂದು ಸಲ ಬರುವುದು, ಹೀಗೆ. ಬಹಳ ಬುದ್ಧಿವಂತಿಕೆ ಅಂದುಕೊಂಡಿದ್ದೆ.

ಮೂಲದಲ್ಲಿ ಏನಾಗುತ್ತದೆ ನೋಡಿ. ಮೊದಲು ಗಿಟಾರ್ ಒಂದೇ. ಆಮೇಲೆ ಇಯಾನ್ ಪೇಸ್‌ನ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಟ್ಟೆ) ಟಿಕಟಿಕ ಅನ್ನುತ್ತದೆ, ಜಾನ್ ಲಾರ್ಡ್‌ನ ಒರಟು ಆರ್ಗನ್ ಸೇರುತ್ತದೆ, ಆಮೇಲೆ ಪೂರ್ತಿ ಡ್ರಮ್ಸ್, ಆಮೇಲೆ ರಾಜರ್ ಗ್ಲೋವರ್‌ನ ಬೇಸ್. ಹಾಡುವವನು ಬಾಯಿ ತೆರೆಯುವುದು ಇಷ್ಟೆಲ್ಲ ಆದ ಮೇಲೆ. ಅಷ್ಟು ಹೊತ್ತಿಗೆ ಕೇಳುವವರು ಒಳಗೆ ಬಂದಿರುತ್ತಾರೆ, ತಲೆ ಆಡಿಸುತ್ತಿರುತ್ತಾರೆ. ರಿಫ್‌ನಲ್ಲಿ ಇರುವುದು ಹನ್ನೆರಡೇ ಸ್ವರ: ಸಗಮ, ಸಗಮಮ, ಸಗಮಗಸ. ನಡುವಿನ ಗುಂಪಿನಲ್ಲಿ ಪ್ರತಿಮಧ್ಯಮ, ಅಂದರೆ ಎತ್ತರದ ಮ, ಮುಟ್ಟಿ ತಕ್ಷಣ ಅದಕ್ಕಿಂತ ಕೆಳಗಿನ ಶುದ್ಧ ಮಧ್ಯಮಕ್ಕೆ ಜಾರುತ್ತದಲ್ವಾ, ಕಿವಿಗೆ ಅಂಟುವುದು ಆ ಜಾರುವ ಜಾಗ. ನಾನು ಕಿತ್ತು ಹಾಕಿದ್ದು ಸರಿಯಾಗಿ ಅದನ್ನೇ.

ನಾವು ಶುರು ಮಾಡಿದ ಮೇಲೆ ಅದು ಯಾವ ಹಾಡು ಅಂತಲೇ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಜನ ತಾವೇ ಬಾಯಲ್ಲಿ ರಿಫ್ ಹಾಡತೊಡಗಿದರು, ಮಾಮೂಲಿ ನಾಲ್ಕರ ತಾಳದಲ್ಲಿ. ನಮ್ಮದು ಏಳು. ಡ್ರಮ್ಸ್ ಹುಡುಗ ಜನರ ಕಡೆ ಹೋದ, ನಾನು ಹೋಗಲಿಲ್ಲ. ಆಮೇಲೆ ಆಗಿದ್ದನ್ನು ಸಂಗೀತ ಅನ್ನಲಾಗದು. ಬಹುಮಾನ ಹೋಯಿತು, ಸ್ಟುಡಿಯೋ ಹೋಯಿತು, ಮೂರು ತಿಂಗಳಲ್ಲಿ ಬ್ಯಾಂಡೂ ಹೋಯಿತು. ಆ ಎರಡು ಹಾಡು ಇವತ್ತಿಗೂ ಎಲ್ಲೂ ಇಲ್ಲ.

ಜನರಿಗೆ ಹೊಸದು ಬೇಡ, ಸೋಮಾರಿಗಳು ಅಂತ ಬರೆದಿದ್ದೀರಿ. ನಾನು ಒಪ್ಪಲ್ಲ. ಆ ಹಾಡಿನ ಕಥೆ ಎಲ್ಲರಿಗೂ ಗೊತ್ತು: 1971ರ ಡಿಸೆಂಬರ್ 4, ಸ್ವಿಟ್ಜರ್ಲೆಂಡಿನ ಮೊಂಟ್ರೋ, ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾನ ಕಛೇರಿ ನಡೆಯುವಾಗ ಯಾರೋ ಫ್ಲೇರ್ ಗನ್ (ಉರಿಯುವ ಬೆಳಕಿನ ಗುಂಡು ಹಾರಿಸುವ ಪಿಸ್ತೂಲು) ಹಾರಿಸಿ ಕ್ಯಾಸಿನೋಗೆ ಬೆಂಕಿ, ಜಿನೀವಾ ಸರೋವರದ ಮೇಲೆ ಹೊಗೆ. ಕಥೆ ಚೆನ್ನಾಗಿದೆ. ಆದರೆ ಇಂಗ್ಲಿಷ್ ಒಂದಕ್ಷರ ಬಾರದ ನಮ್ಮ ಸೌಂಡ್ ಸಿಸ್ಟಂ ಹುಡುಗ ವೈರ್ ಸುತ್ತುತ್ತಾ ಗುನುಗುತ್ತಿದ್ದದ್ದು ಕಥೆಯನ್ನಲ್ಲ, ರಿಫ್ಫನ್ನು. ಇದು ದೊಡ್ಡ ಹಿಟ್ ಆಗುತ್ತದೆ ಅಂತ ಆ ಬ್ಯಾಂಡಿಗೇ ಅನ್ನಿಸಿರಲಿಲ್ಲ. 1972ರಲ್ಲಿ ಈ ಹಾಡಿರುವ 'ಮೆಷಿನ್ ಹೆಡ್' ಆಲ್ಬಂ ಬಂದಾಗ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಬಿಟ್ಟದ್ದು 'ನೆವರ್ ಬಿಫೋರ್' ಅನ್ನುವ ಬೇರೆ ಹಾಡು, ಅದನ್ನು ಈಗ ಯಾರು ಕೇಳುತ್ತಾರೆ? ಇದು ಸಿಂಗಲ್ ಆಗಿದ್ದು 1973ರಲ್ಲಿ, ಅಮೆರಿಕದಲ್ಲಿ 4ನೇ ಸ್ಥಾನಕ್ಕೆ ಏರಿತು. ಆರಿಸಿದ್ದು ಜನ.

2001ರಲ್ಲಿ ಡೀಪ್ ಪರ್ಪಲ್ ಅರಮನೆ ಮೈದಾನಕ್ಕೆ ಬಂದಾಗ ಹೋಗಿದ್ದೆ. ರಿಫ್ ಕಟ್ಟಿದ ರಿಚಿ ಬ್ಲ್ಯಾಕ್‌ಮೋರ್ 1993ರಲ್ಲೇ ಬ್ಯಾಂಡ್ ಬಿಟ್ಟಾಗಿತ್ತು, ಗಿಟಾರ್ ಸ್ಟೀವ್ ಮೋರ್ಸ್ ಕೈಯಲ್ಲಿ. ಏನು ಬೇಕಾದರೂ ನುಡಿಸಬಲ್ಲ ಮನುಷ್ಯ, ಆದರೂ ಆ ಹನ್ನೆರಡು ಸ್ವರದ ತಂಟೆಗೆ ಹೋಗಲಿಲ್ಲ. ಪಕ್ಕದಲ್ಲಿದ್ದದ್ದು ನಮ್ಮ ಹಳೇ ಡ್ರಮ್ಸ್ ಹುಡುಗ. ನನ್ನ ಕಡೆ ತಿರುಗಿ 'ನಾಲ್ಕು' ಅಂತ ಬೆರಳು ತೋರಿಸಿದ.

ಹಾಗಾಗಿ ಬಿಡಬೇಡಿ, ಬದಲಿಸಲೂ ಬೇಡಿ. ಅದನ್ನು ಕೊನೆಗೂ ಇಡಬೇಡಿ, ನಡುವಲ್ಲಿ ನುಡಿಸಿ. ಚಪ್ಪಾಳೆ ನಿಲ್ಲುವ ಮೊದಲೇ, ಒಂದು ಮಾತೂ ಆಡದೆ, ನಿಮ್ಮ ಸ್ವಂತ ಹಾಡು ಎತ್ತಿಕೊಳ್ಳಿ. ಹಾಗೇ, ರಿಫ್‌ಗೆ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬೇಡ. ಬ್ಲ್ಯಾಕ್‌ಮೋರ್ ಮಾಡಿದ ಹಾಗೆ, ರಿಫ್ ನುಡಿಯುವ ಎರಡೂ ತಂತಿಯನ್ನು ಬೆರಳಲ್ಲೇ ಒಟ್ಟಿಗೆ ಮೀಟಿ.